ಹಳೆಯ ಕಾಮಿಕ್ಸ್‌ಗೆ ಹೊಸ ಬಣ್ಣ: ಮರುಮುದ್ರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಮಾತೆಲ್ಲ ಮುಖ್ಯವಾಗಿ 1930ರ ದಶಕದಿಂದ 1980ರ ದಶಕದವರೆಗೆ ಅಮೆರಿಕದಲ್ಲಿ ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ನಾಲ್ಕು ಶಾಯಿಯಲ್ಲಿ (ಹಳದಿ, ಮಜೆಂಟಾ, ಸಯಾನ್, ಗೆರೆಗೆ ಕಪ್ಪು) ಅಚ್ಚಾದ ಕಾಮಿಕ್ಸ್ ಕುರಿತದ್ದು. ಕೆಲವು ಪ್ರಶ್ನೆ ಓದುಗರದು, ಕೆಲವು ಮರುಮುದ್ರಣಕ್ಕೆ ಸ್ವತಃ ಕೈಹಾಕಿದವರದು.

ಸುತ್ತುಬಳಸು ಬೇಡ. ಹೊಸದಾಗಿ ಬಣ್ಣ ಹಾಕಬೇಕೋ, ಬೇಡವೋ?

ಸಾಮಾನ್ಯ ಮರುಮುದ್ರಣಕ್ಕೆ ಬೇಡ. ಅಂದಿನ ಬಣ್ಣಗಾರರು ಆರಿಸಿದ ಬಣ್ಣಗಳನ್ನೇ ಇಂದಿನ ಕಾಗದಕ್ಕೆ ಹದ ಮಾಡಿ ಸಪಾಟಾಗಿ ಹಾಕಿದರೆ ಸಾಕು. ಕಂಪ್ಯೂಟರ್ ಬಗ್ಗೆ ಮಡಿವಂತಿಕೆ ಏನೂ ಬೇಕಿಲ್ಲ. ಹಳೆಯ ಬಣ್ಣವನ್ನು ಶುದ್ಧವಾಗಿ ಅಚ್ಚಿಗೆ ತರಲು ಅದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಪೂರ್ತಿ ಹೊಸ ಬಣ್ಣ ಬೇಕೇಬೇಕು ಎನ್ನಿಸಿದರೆ ಅದನ್ನು ಬೇರೆ ಆವೃತ್ತಿಯಾಗಿ ತನ್ನಿ, ಹೊರಗೇ ಹಾಗೆಂದು ಬರೆಯಿರಿ, ಹಳೆಯ ಬಣ್ಣದ್ದೂ ಕೊಳ್ಳಲು ಸಿಗುವಂತೆ ನೋಡಿಕೊಳ್ಳಿ. ಅಂಗಡಿಯಲ್ಲಿ ಹೊಸ ಬಣ್ಣದ ಪ್ರತಿ ಮಾತ್ರ ಉಳಿದಾಗ ಜಗಳ ಶುರುವಾಗುತ್ತದೆ, ಮತ್ತು ಆ ಜಗಳದಲ್ಲಿ ನ್ಯಾಯವಿದೆ.

ಯಥಾಪ್ರತಿ, ದುರಸ್ತಿ, ಮರುಬಣ್ಣ: ಮೂರೂ ಒಂದೇ ಅಲ್ಲವೇ?

ಅಲ್ಲ. ಯಥಾಪ್ರತಿ ಎಂದರೆ ಹಳೆಯ ಪುಸ್ತಕದ ಪುಟವನ್ನೇ ಸ್ಕ್ಯಾನ್ ಮಾಡಿಯೋ ಫೋಟೋ ತೆಗೆದೋ ಅಚ್ಚು ಹಾಕುವುದು. ಚುಕ್ಕಿ, ಗೆರೆಯಾಚೆ ಜರುಗಿದ ಬಣ್ಣ, ಕಾಗದದ ಕಂದು ಎಲ್ಲವೂ ಬರುತ್ತವೆ. ಟಾಷನ್ ಪ್ರಕಾಶನದ ಭಾರೀ ಅಳತೆಯ ಮಾರ್ವೆಲ್ ಸಂಪುಟಗಳು ಈ ದಾರಿ ಹಿಡಿದವು. ದುರಸ್ತಿ ಎಂದರೆ ಗೆರೆಯನ್ನು ಚೊಕ್ಕ ಮಾಡಿ, ಹಳೆಯ ಬಣ್ಣ ಯಾವುದೆಂದು ಗುರುತಿಸಿ, ಅದನ್ನೇ ಮತ್ತೆ ತುಂಬುವುದು. ಫ್ಯಾಂಟಾಗ್ರಾಫಿಕ್ಸ್ ಪ್ರಕಾಶನ 2011ರಿಂದ ತಂದ ಕಾರ್ಲ್ ಬಾರ್ಕ್ಸ್ ಅವರ ಡೊನಾಲ್ಡ್ ಡಕ್ ಸಂಪುಟಗಳು ಈ ಜಾತಿಯವು. ಮರುಬಣ್ಣದಲ್ಲಿ ಗೆರೆ ಮಾತ್ರ ಹಳೆಯದು, ಬಣ್ಣದ ಯೋಚನೆ ಹೊಸದು. ಬೆನ್ನುಪುಟದಲ್ಲಿ ಮೂರಕ್ಕೂ ‘ರಿಮಾಸ್ಟರ್ಡ್’ ಎಂದೇ ಬರೆದುಬಿಡುತ್ತಾರೆ. ಅರ್ಧ ಗೊಂದಲ ಆ ಒಂದು ಪದದ ಕೊಡುಗೆ.

ಆಗ ಬಣ್ಣ ಹೇಗೆ ಹಾಕುತ್ತಿದ್ದರು?

ಇದು ಗೊತ್ತಿಲ್ಲದೆ ಮುಂದಿನ ಯಾವ ವಾದವೂ ನಿಲ್ಲುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ.

ಕಲಾವಿದರು ಚಿತ್ರವನ್ನು ದೊಡ್ಡದಾಗಿ ಬರೆಯುತ್ತಿದ್ದರು: 1967ರ ಸುಮಾರಿನವರೆಗೆ ಅಂದಾಜು 12.5 × 18 ಇಂಚು, ಆಮೇಲೆ 10 × 15. ಅದನ್ನು ಪುಸ್ತಕದ ಅಳತೆಗೆ ಕುಗ್ಗಿಸಿ ತೆಗೆದ ಪ್ರತಿಯ ಮೇಲೆ ಬಣ್ಣಗಾರರು ಡಾ. ಮಾರ್ಟಿನ್ಸ್‌ನಂಥ ದ್ರವ ಬಣ್ಣ ಬಳಿದು ಮಾರ್ಗದರ್ಶಿ ಪುಟ ತಯಾರಿಸುತ್ತಿದ್ದರು. ಅಚ್ಚಿಗೆ ಹೋಗುತ್ತಿದ್ದದ್ದು ಆ ಪುಟವಲ್ಲ. ಪ್ರತಿ ಬಣ್ಣದ ಪಕ್ಕ ಒಂದು ಸಂಕೇತ ಬರೆದಿರುತ್ತಿತ್ತು: ವೈ ಎಂದರೆ ಹಳದಿ, ಆರ್ ಎಂದರೆ ಮಜೆಂಟಾ (ನೇರಳೆಗೆಂಪು), ಬಿ ಎಂದರೆ ಸಯಾನ್ (ತಿಳಿನೀಲಿ). ಪಕ್ಕದಲ್ಲಿ 2 ಇದ್ದರೆ ಶೇ. 25, 3 ಇದ್ದರೆ ಶೇ. 50, ಅಂಕಿ ಇಲ್ಲದಿದ್ದರೆ ಪೂರ್ತಿ 100. ಬಿಳಿಯರ ಮೈಬಣ್ಣ ವೈ2ಆರ್2. ಅಚ್ಚ ಕೆಂಪು ವೈಆರ್. ಅಚ್ಚ ಹಸಿರು ವೈಬಿ.

ಈ ಸಂಕೇತಗಳನ್ನು ಓದಿ ಅಚ್ಚಿನ ಫಲಕ ತಯಾರಿಸುವ ಕೆಲಸ ಬೇರೆಯವರದು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿದ್ದ ಕೆಮಿಕಲ್ ಕಲರ್ ಪ್ಲೇಟ್ ಎಂಬ ಕಂಪನಿಯಲ್ಲಿ ಪ್ರತಿ ಪುಟಕ್ಕೂ ಪಾರದರ್ಶಕ ಹಾಳೆಗಳ ಮೇಲೆ ಬೆಳಕು ಹಾಯದ ಬಣ್ಣವನ್ನು ಕುಂಚದಿಂದ ತುಂಬುತ್ತಿದ್ದರು, ಹೆಚ್ಚಾಗಿ ಹೆಂಗಸರು. ಕಪ್ಪು ಬಿಟ್ಟು ಮೂರು ಶಾಯಿ, ಪ್ರತಿಯೊಂದಕ್ಕೂ ಮೂರು ಮಟ್ಟ, ಅಂದರೆ ಪುಟಕ್ಕೆ ಒಂಬತ್ತು ಹಾಳೆ. ಮುದ್ರಣ ಇಲಿನಾಯ್ಸ್‌ನ ಸ್ಪಾರ್ಟಾ ಊರಿನ ವರ್ಲ್ಡ್ ಕಲರ್ ಪ್ರೆಸ್‌ನಲ್ಲಿ. ಅಮೆರಿಕದ ಬಹುಪಾಲು ಕಾಮಿಕ್ಸ್ ದಶಕಗಟ್ಟಲೆ ಅಲ್ಲಿಂದಲೇ ಹೊರಬಿದ್ದವು.

ಈಗ ಲೆಕ್ಕ ಹಾಕಿ. ಪ್ರತಿ ಶಾಯಿಗೆ ಸೊನ್ನೆಯೂ ಸೇರಿ ನಾಲ್ಕು ಮಟ್ಟ; 4 × 4 × 4 = 64. ಇಡೀ ಪೆಟ್ಟಿಗೆಯಲ್ಲಿ ಇದ್ದದ್ದು ಅಷ್ಟೇ ಬಣ್ಣ. ದುರಸ್ತಿ ಮಾಡುವವರಿಗೆ ಇದಕ್ಕಿಂತ ದೊಡ್ಡ ವರ ಬೇರೆ ಇಲ್ಲ. ಹಳೆಯ ಪುಟದ ಯಾವ ಜಾಗದಲ್ಲಿ ಯಾವ ಬಣ್ಣವಿತ್ತು ಎಂಬ ಪ್ರಶ್ನೆಗೆ 64 ಉತ್ತರಗಳಷ್ಟೇ ಸಾಧ್ಯ. ಊಹಿಸಬೇಕಿಲ್ಲ, ಓದಿದರಾಯಿತು.

ಓದುವುದು ಎಂದರೆ?

10 ಪಟ್ಟಿನ ಭೂತಗನ್ನಡಿ ಹಿಡಿದು ಹಳೆಯ ಪುಟದ ಒಂದು ಕೆನ್ನೆ ನೋಡಿ. ಬರಿಗಣ್ಣಿಗೆ ತಿಳಿಗುಲಾಬಿಯಾಗಿ ಕಂಡದ್ದು ಅಲ್ಲಿ ಬಿಡಿಬಿಡಿ ಚುಕ್ಕಿಗಳಾಗುತ್ತದೆ: ಹಳದಿಯದೊಂದು ಸಾಲು, ಮಜೆಂಟಾದ ಇನ್ನೊಂದು ಸಾಲು ಓರೆಯಾಗಿ, ನಡುವೆ ಬರಿಯ ಕಾಗದ. ಇಂಚಿಗೆ 60–65 ಸಾಲು, ಅಂದರೆ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಸುಮಾರು 0.4 ಮಿಲಿಮೀಟರ್. ಚುಕ್ಕಿಗಳು ಒಂದಕ್ಕೊಂದು ತಾಗದೆ ದೂರ ನಿಂತಿದ್ದರೆ 25. ಮೂಲೆಗೆ ಮೂಲೆ ತಾಗಿ ಚದುರಂಗದ ಹಾಸಿನಂತಿದ್ದರೆ 50. ಚುಕ್ಕಿಯೇ ಇಲ್ಲದೆ ಒಂದೇ ಸಮ ಹರಡಿದ್ದರೆ 100. ಮೂರೂ ಶಾಯಿಗೆ ಹೀಗೆ ನೋಡಿದರೆ ಸಂಕೇತ ಸಿಕ್ಕಿತು.

ಇದನ್ನು ಬಿಟ್ಟು ಸ್ಕ್ಯಾನ್ ಮೇಲೆ ಐಡ್ರಾಪರ್ ಒತ್ತಿ ಬಣ್ಣ ಎತ್ತಿಕೊಳ್ಳುವುದು ಎಲ್ಲರೂ ಮೊದಲು ಮಾಡುವ ತಪ್ಪು. ನ್ಯೂಸ್‌ಪ್ರಿಂಟ್‌ನಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿ ಅದು ವರ್ಷ ಕಳೆದಂತೆ ಕಂದಾಗುತ್ತದೆ. ನೀವು ಎತ್ತಿಕೊಂಡ ಪ್ರತಿ ಬಣ್ಣದಲ್ಲೂ ಆ ಕಂದು ಬೆರೆತಿರುತ್ತದೆ. ಆಕಾಶ ಹಸಿರಾಗುತ್ತದೆ, ನೇರಳೆ ಕೆಸರಾಗುತ್ತದೆ. ಅಂಗಡಿಗೆ ಬಂದ ದಿನ ಆ ಪುಟ ಹಾಗಿರಲಿಲ್ಲ.

ಅದೇ ಬಣ್ಣವನ್ನು ಹೊಸ ಕಾಗದದ ಮೇಲೆ ಹಾಕಿದರೆ ಏಕೆ ಕಣ್ಣಿಗೆ ರಾಚುತ್ತದೆ?

ಮರುಬಣ್ಣದ ಪರ ವಾದಿಸುವವರ ಕೈಯಲ್ಲಿರುವ ಗಟ್ಟಿ ಸಾಕ್ಷಿ ಇದೇ: 1980ರ ದಶಕದಲ್ಲಿ ಹಳೆಯ ಕಥೆಗಳು ಬಿಳಿ ಕಾಗದದ ಮೇಲೆ ಬಂದಾಗ ಢಾಳಾಗಿ ಕಂಡದ್ದು ನಿಜ. ಆದರೆ ಅದಕ್ಕಾಗಿ ಬಣ್ಣವನ್ನೇ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ನ್ಯೂಸ್‌ಪ್ರಿಂಟ್ ಶಾಯಿಯನ್ನು ಹೀರುತ್ತದೆ. ಚುಕ್ಕಿ ಹರಡಿ ದಪ್ಪವಾಗುತ್ತದೆ. ಇಂದಿನ ಪತ್ರಿಕಾ ಮುದ್ರಣದ ಮಾನದಂಡದಲ್ಲೂ ಫೈಲಿನ ಶೇ. 50 ಕಾಗದದ ಮೇಲೆ 76ರ ಆಸುಪಾಸು ಆಗುತ್ತದೆ. ಲೇಪಿತ, ಅಂದರೆ ನುಣುಪು ಲೇಪ ಹಚ್ಚಿದ, ಕಾಗದದಲ್ಲಿ ಅದೇ 50 ಸುಮಾರು 66ಕ್ಕೆ ನಿಲ್ಲುತ್ತದೆ. ಹಾಗಾಗಿ ನಡುಮಟ್ಟದ ಬಣ್ಣಗಳು ಪೇಲವವಾಗುತ್ತವೆ. ಇನ್ನೊಂದು ಕಡೆ, ಪೂರ್ತಿ ಶಾಯಿ ನ್ಯೂಸ್‌ಪ್ರಿಂಟ್‌ನಲ್ಲಿ ಒಳಗಿಳಿದು ಮಂಕಾಗುತ್ತಿತ್ತು, ಸಾಂದ್ರತೆ (ಶಾಯಿ ಎಷ್ಟು ಗಾಢವೆಂಬ ಅಳತೆ) 0.9ರ ಸುಮಾರು. ಲೇಪಿತ ಕಾಗದದಲ್ಲಿ ಅದು ಮೇಲೆಯೇ ಕೂತು 1.4 ಮುಟ್ಟುತ್ತದೆ. ಅಂದರೆ ತಿಳಿಬಣ್ಣ ಇನ್ನೂ ತಿಳಿಯಾಯಿತು, ಗಾಢಬಣ್ಣ ಇನ್ನೂ ಗಾಢವಾಯಿತು. ಮೇಲಾಗಿ ಕಾಗದವೇ ಹಾಲಿನಂತೆ ಬೆಳ್ಳಗಿದೆ. ಬಣ್ಣಗಾರರು ಇಟ್ಟ ಸಮತೋಲ ಎರಡೂ ತುದಿಯಲ್ಲಿ ಹರಿದುಹೋಯಿತು.

ಹಾಗಾದರೆ ಹದ ಮಾಡುವುದು ಹೇಗೆ?

ಲೇಪಿತ ಕಾಗದವೇ ಗತಿ ಎಂದಾದರೆ ಹಳೆಯ 25ನ್ನು 28–30ಕ್ಕೆ, 50ನ್ನು 55–58ಕ್ಕೆ ಏರಿಸಿ, 100ನ್ನು 85–90ಕ್ಕೆ ಇಳಿಸಿ. ಇವು ಆರಂಭದ ಅಂಕಿಗಳು. ಅಂತಿಮ ತೀರ್ಪು ಪ್ರೂಫ್‌ನದು, ಅಂದರೆ ಮುದ್ರಣಕ್ಕೆ ಮೊದಲು ತೆಗೆಸುವ ಮಾದರಿ ಹಾಳೆಯದು. ಕಪ್ಪು ಗೆರೆಯನ್ನು ಮಾತ್ರ ಮುಟ್ಟಬೇಡಿ, ಅದು 100ರಲ್ಲೇ ಇರಲಿ. 64 ಬಣ್ಣಗಳ ಒಂದು ಪಟ್ಟಿ ಮಾಡಿ, ಪುಸ್ತಕ ಅಚ್ಚಾಗುವ ಅದೇ ಕಾಗದದ ಮೇಲೆ ಒಂದು ಹಾಳೆ ತೆಗೆಸಿ, ಪಕ್ಕದಲ್ಲಿ ಚೆನ್ನಾಗಿ ಉಳಿದಿರುವ ಹಳೆಯ ಪ್ರತಿ ಇಟ್ಟು ಹಗಲು ಬೆಳಕಿನಲ್ಲಿ ನೋಡಿ. ಹಳೆಯ ಪುಟದ ಅಂಚು ಎಲ್ಲಕ್ಕಿಂತ ಹೆಚ್ಚು ಕಂದಾಗಿರುತ್ತದೆ, ಹೋಲಿಕೆಗೆ ನಡುಪುಟಗಳ ಒಳಭಾಗ ಬಳಸಿ. ಈ ಒಂದು ಹಾಳೆಯ ಖರ್ಚಿಗೆ ಹಿಂಜರಿದು ಇಡೀ ಮುದ್ರಣ ಕೆಡಿಸಿಕೊಂಡವರಿಗೆ ಬರವಿಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಕಾಗದ ಬದಲಿಸುವುದು. ಲೇಪವಿಲ್ಲದ, ತುಸು ಕೆನೆಬಣ್ಣದ, 90ರಿಂದ 120 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಕಾಗದ ತಂದರೆ ಮುಕ್ಕಾಲು ತೊಂದರೆ ತಾನಾಗಿಯೇ ಹೋಗುತ್ತದೆ. ಮುದ್ರಕರಿಂದ ಆ ಕಾಗದದ ಐಸಿಸಿ ಪ್ರೊಫೈಲ್ (ಅದರ ಮೇಲೆ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಫೈಲ್) ಕೇಳಿ ಪಡೆಯಿರಿ. ಲೇಪವಿಲ್ಲದ ಕಾಗದಕ್ಕೆ ಫೊಗ್ರಾ 52 ಸಾಮಾನ್ಯ. ಲೇಪಿತ ಕಾಗದದ ಫೊಗ್ರಾ 39 ಪ್ರೊಫೈಲ್‌ನಲ್ಲಿ ತಯಾರಾದ ಫೈಲನ್ನು ಹಾಗೆಯೇ ಲೇಪವಿಲ್ಲದ ಕಾಗದಕ್ಕೆ ಕಳಿಸಿದರೆ ನೆರಳೆಲ್ಲ ಮುಚ್ಚಿಕೊಂಡು ಬರುತ್ತದೆ. ಬಿಳಿ ಕಾಗದದ ಮೇಲೆ ಹಳದಿ ಛಾಯೆಯನ್ನು ಅಚ್ಚು ಹಾಕಿ ‘ಹಳೆಯ ಕಾಗದ’ ಮಾಡುವ ಗೊಡವೆಗೆ ಹೋಗಬೇಡಿ. ಪುಟದ ಅಂಚು ಕತ್ತರಿಸಿದ ಕಡೆ ಬಿಳಿ ಇಣುಕುತ್ತದೆ, ಹಳದಿಯ ಚುಕ್ಕಿ ಮಾತಿನ ಗುಳ್ಳೆಗಳಲ್ಲಿ ಮರಳಿನಂತೆ ಕಾಣುತ್ತದೆ.

ಗ್ರೇಡಿಯಂಟ್, ನೆರಳು, ಹೊಳಪು ಸೇರಿಸಿದರೆ ಚಿತ್ರ ಇನ್ನೂ ಚೆನ್ನಾಗಿ ಕಾಣುವುದಿಲ್ಲವೇ?

ಒಂದು ಚೌಕಟ್ಟನ್ನು ಹತ್ತಿರದಿಂದ ನೋಡೋಣ. ಬೀದಿದೀಪದ ಕೆಳಗೆ ಹ್ಯಾಟು ಹಾಕಿದ ಮನುಷ್ಯ. ಶಾಯಿಗಾರ, ಅಂದರೆ ಚಿತ್ರಕ್ಕೆ ಕಪ್ಪು ಶಾಯಿಯ ಗೆರೆ ಎಳೆಯುವವನು, ಮುಖದ ಎಡಭಾಗವನ್ನು ಪೂರ್ತಿ ಕಪ್ಪು ಮಾಡಿದ್ದಾನೆ. ಕೆನ್ನೆಮೂಳೆಯ ಹತ್ತಿರ ಆ ಕಪ್ಪಿನಿಂದ ಐದಾರು ಕುಂಚದ ಎಳೆಗಳು ಹೊರಟು ಬಲಕ್ಕೆ ಹೋಗುತ್ತ ಕೂದಲಿನಷ್ಟು ಸಣ್ಣಗಾಗಿ ಮುಗಿಯುತ್ತವೆ. ಆ ಎಳೆಗಳೇ ಗ್ರೇಡಿಯಂಟ್. ಕತ್ತಲಿನಿಂದ ಬೆಳಕಿಗೆ ತಿರುಗುವ ಕೆಲಸವನ್ನು ಅವು ಆಗಲೇ ಮಾಡಿ ಮುಗಿಸಿವೆ. ಹಿಂದಿನ ಬಣ್ಣಗಾರ ಅಲ್ಲಿ ಒಂದೇ ತಿಳಿಬಣ್ಣ ಹಾಕಿ ಸುಮ್ಮನಾದದ್ದು ಅದಕ್ಕೇ.

ಅದೇ ಕೆನ್ನೆಗೆ ಈಗ ಮೆತ್ತನೆಯ ಏರ್‌ಬ್ರಶ್ ನೆರಳು ಹಾಕಿ. ಎಳೆಗಳ ಹಿಂದಿನ ಬಣ್ಣ ಶೇ. 30ರಿಂದ 70ಕ್ಕೆ ಕಪ್ಪಾಯಿತು, ಎಳೆಗಳು ಅದರಲ್ಲಿ ಮುಳುಗಿದವು. ಒಂದೇ ನೆರಳು ಎರಡು ಸಲ ಬಿತ್ತು. ಮೂಗಿನ ತುದಿಗೆ ಹೊಳಪಿನ ಬೊಟ್ಟು ಇಟ್ಟರಂತೂ ದೀಪ ಎಲ್ಲಿದೆ ಎಂಬುದೇ ಅನುಮಾನ: ಗೆರೆ ಬಲಕ್ಕಿದೆ ಎನ್ನುತ್ತದೆ, ಬಣ್ಣ ಮೇಲಿದೆ ಎನ್ನುತ್ತದೆ. ಮನುಷ್ಯ ಪ್ಲಾಸ್ಟಿಕ್ ಬೊಂಬೆಯಾಗುತ್ತಾನೆ. ಇಸಿ ಕಾಮಿಕ್ಸ್ ಎಂಬ ಪ್ರಕಾಶನದ ಭಯಾನಕ ಕಥೆಗಳನ್ನು ಡಿಜಿಟಲ್ ನೆರಳುಗಳೊಂದಿಗೆ ಮರುಮುದ್ರಿಸಿದಾಗ ಹಳೆಯ ಓದುಗರು ಮುಖ ಗಂಟಿಕ್ಕಿದ್ದು ಇಂಥದ್ದಕ್ಕೇ.

ತೆಳುಗೆರೆಯಲ್ಲಿ, ಕಪ್ಪನ್ನು ಮಿತವಾಗಿ ಬಳಸಿ ಬರೆದ ಚಿತ್ರಗಳು ಗ್ರೇಡಿಯಂಟ್ ಅನ್ನು ಸ್ವಲ್ಪ ತಾಳಿಕೊಳ್ಳುತ್ತವೆ, ಅದರಲ್ಲೂ ಆಕಾಶ, ನೀರು, ಮಂಜು ಇದ್ದ ಕಡೆ. ಹಳೆಯ ಮುಖಪುಟಗಳಲ್ಲಿ ಕೆಲವೊಮ್ಮೆ ಏರಿಳಿಯುವ ಆಕಾಶ ಮೊದಲೇ ಇರುತ್ತಿತ್ತು, ಏಕೆಂದರೆ ಮುಖಪುಟಕ್ಕೆ ಒಳ್ಳೆಯ ಕಾಗದ, ಬೇರೆ ಮುದ್ರಣ. ಅಲ್ಲಿ ಅದನ್ನು ಉಳಿಸುವುದೇ ಸರಿ.

ಇಡೀ ಗುಂಪನ್ನು ಒಂದೇ ನೇರಳೆಯಲ್ಲಿ ಮುಳುಗಿಸಿದ್ದಾರೆ. ಇದು ಸೋಮಾರಿತನವಲ್ಲವೇ?

ಕೆಲವೊಮ್ಮೆ ಹೌದು, ಪುಟಕ್ಕಿಷ್ಟು ಎಂದು ಕೂಲಿ, ನಾಳೆಯೇ ಗಡುವು. ಆದರೂ ಹೆಚ್ಚಿನ ಕಡೆ ಅದಕ್ಕೊಂದು ಕೆಲಸವಿತ್ತು. ಮುಂದಿನ ಪಾತ್ರಕ್ಕೆ ಪೂರ್ತಿ ಬಣ್ಣ, ಹಿಂದಿನ ಗುಂಪಿಗೆ ಒಂದೇ ನೀಲಿ ಹಾಕಿದರೆ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಇಸಿ ಕಾಮಿಕ್ಸ್‌ನ ಬಣ್ಣಗಾರ್ತಿ ಮೇರಿ ಸೆವೆರಿನ್ ತೀರಾ ಬೀಭತ್ಸವಾದ ಚೌಕಟ್ಟುಗಳನ್ನು ಒಂದೇ ಗಾಢಬಣ್ಣದಲ್ಲಿ ಅದ್ದಿ ರಕ್ತದ ಕಾವು ಇಳಿಸುತ್ತಿದ್ದರು. ಅಲ್ಲಿ ಪ್ರತಿ ವಸ್ತುವಿಗೂ ಅದರ ‘ನಿಜವಾದ’ ಬಣ್ಣ ಕೊಡಲು ಹೊರಟರೆ ಕಥೆ ಹೇಳುವ ದನಿಯೇ ಬದಲಾಗುತ್ತದೆ.

ಕಪ್ಪು ಕೂದಲಿನ ನೀಲಿ ಮಿಂಚೂ ಹೀಗೆಯೇ. ಅದನ್ನು ‘ತಿದ್ದಿ’ ಬೂದು ಮಾಡಿದರೆ ನಾಯಕನಿಗೆ ಹತ್ತು ವರ್ಷ ವಯಸ್ಸಾಗುತ್ತದೆ.

ಸ್ಪಷ್ಟವಾದ ಮುದ್ರಣದೋಷಗಳನ್ನಾದರೂ ತಿದ್ದಬಹುದೇ?

ಗೆರೆಯಿಂದ ಜರುಗಿದ ಬಣ್ಣ, ತುಂಬದೆ ಬಿಟ್ಟ ಬೆರಳು, ಒಂದು ಚೌಕಟ್ಟಿನಲ್ಲಿ ಮಾತ್ರ ಬದಲಾದ ಅಂಗಿ: ತಿದ್ದಿ. ಕಷ್ಟ ಬರುವುದು ದೋಷವೋ ಉದ್ದೇಶವೋ ತಿಳಿಯದ ಕಡೆ. ಎರಡು ಉದಾಹರಣೆ ನೋಡಿದರೆ ಗಡಿ ಎಲ್ಲಿದೆ ಎಂದು ಅರ್ಥವಾಗುತ್ತದೆ.

1962ರಲ್ಲಿ ಹಲ್ಕ್‌ನ ಮೊದಲ ಸಂಚಿಕೆಯಲ್ಲಿ ಅವನ ಮೈ ಬೂದುಬಣ್ಣದ್ದು. ಬೂದು ಎಂದರೆ ಮೂರು ಶಾಯಿಗಳ ಮಿಶ್ರಣ. ಒಂದು ಶಾಯಿ ತುಸು ಹೆಚ್ಚಾದರೂ ಅದು ಹಸಿರಿಗೋ ಕಂದಿಗೋ ಓಡುತ್ತದೆ, ಆ ಯಂತ್ರಗಳಲ್ಲಿ ಅದನ್ನು ಹಿಡಿದಿಡುವುದು ಸಾಧ್ಯವಾಗಲಿಲ್ಲ. ಎರಡನೇ ಸಂಚಿಕೆಯಿಂದ ಬಣ್ಣಗಾರ ಸ್ಟ್ಯಾನ್ ಗೋಲ್ಡ್‌ಬರ್ಗ್ ಅವನನ್ನು ಹಸಿರು ಮಾಡಿದರು. ಮುಂದೆ ಎರಡು ದಶಕ ಮೊದಲ ಸಂಚಿಕೆಯ ಮರುಮುದ್ರಣಗಳಲ್ಲೂ ಹಸಿರನ್ನೇ ಹಾಕಿದರು. ಇದು ತಪ್ಪು. ಬೂದು ಉದ್ದೇಶಪೂರ್ವಕವಾಗಿತ್ತು, ಅಚ್ಚಿನಲ್ಲಿ ಏರುಪೇರಾದದ್ದು ಮಾತ್ರ ದೋಷ. ಸರಿಯಾದ ದುರಸ್ತಿ ಎಂದರೆ ಆ ಸಂಚಿಕೆಯ ಎಲ್ಲ ಪುಟಗಳಲ್ಲೂ ಒಂದೇ ಸಮನಾದ ಬೂದು.

1963ರಲ್ಲಿ ‘ಸಾರ್ಜೆಂಟ್ ಫ್ಯೂರಿ’ ಎಂಬ ಯುದ್ಧಕಥೆಯ ಸರಣಿಯ ಮೊದಲ ಸಂಚಿಕೆಯಲ್ಲಿ ಗೇಬ್ ಜೋನ್ಸ್ ಎಂಬ ಕಪ್ಪುವರ್ಣೀಯ ಸೈನಿಕ ಬಿಳಿಯನಾಗಿ ಅಚ್ಚಾದ. ಅವನ ಬಣ್ಣವೇ ಏನೋ ತಪ್ಪಿರಬೇಕೆಂದು ಫಲಕ ತಯಾರಿಸುವವರು ತಾವೇ ‘ಸರಿ’ ಮಾಡಿದ್ದರು. ಇಲ್ಲಿ ಉದ್ದೇಶ ಏನಿತ್ತು ಎಂಬುದರಲ್ಲಿ ಅನುಮಾನವಿಲ್ಲ, ತಿದ್ದಲೇಬೇಕು. ತಿದ್ದಿದ್ದೇವೆಂದು ಕೊನೆಯ ಪುಟದಲ್ಲಿ ಎರಡು ಸಾಲು ಬರೆಯಬೇಕು, ಅಷ್ಟೇ.

ಏಷ್ಯಾದವರಿಗೆ ನಿಂಬೆಹಳದಿ ಮೈ ಬಳಿದ ಹಳೆಯ ಕಥೆಗಳ ವಿಷಯ ಬೇರೆ. ಅದು ಅಂದಿನ ಉದ್ದೇಶವೇ. ಸದ್ದಿಲ್ಲದೆ ತಿದ್ದಿದರೆ ಆ ಕಾಲಕ್ಕೆ ಸುಣ್ಣ ಬಳಿದಂತೆ. ಸಂಗ್ರಹಯೋಗ್ಯ ಆವೃತ್ತಿಯಲ್ಲಿ ಹಾಗೆಯೇ ಇಟ್ಟು ಮುನ್ನುಡಿಯಲ್ಲಿ ಮಾತಾಡಿ. ಮಕ್ಕಳ ಆವೃತ್ತಿಯಲ್ಲಿ ಬದಲಿಸಿ, ಬದಲಿಸಿದ್ದನ್ನು ಹೇಳಿ.

ಮೂಲ ಕಲಾವಿದರೇ ಬಣ್ಣ ಬದಲಿಸಿದರೆ ಯಾರೇನು ಹೇಳುವುದು?

ಹೇಳುವುದಿದೆ. ‘ದ ಕಿಲ್ಲಿಂಗ್ ಜೋಕ್’ ಎಂಬ ಬ್ಯಾಟ್‌ಮ್ಯಾನ್ ಕಥೆ 1988ರಲ್ಲಿ ಬಂದಾಗ ಬಣ್ಣ ಜಾನ್ ಹಿಗಿನ್ಸ್ ಅವರದು: ಉರಿಯುವ ಕಿತ್ತಳೆ, ನೇರಳೆ, ಹಳದಿ. 2008ರ ಆವೃತ್ತಿಗೆ ಚಿತ್ರಕಾರ ಬ್ರಯಾನ್ ಬೋಲಂಡ್ ತಾವೇ ಬಣ್ಣ ಹಾಕಿದರು. ತಣ್ಣನೆಯ ಛಾಯೆಗಳು ಬಂದವು, ಹಿಂದಿನ ನೆನಪಿನ ದೃಶ್ಯಗಳು ಹೆಚ್ಚುಕಡಿಮೆ ಕಪ್ಪುಬಿಳುಪಾಗಿ ಒಂದೊಂದು ವಸ್ತು ಮಾತ್ರ ಕೆಂಪಾಯಿತು, ಬ್ಯಾಟ್‌ಮ್ಯಾನ್‌ನ ಎದೆಯ ಹಳದಿ ವೃತ್ತವೇ ಮಾಯವಾಯಿತು. ಬೋಲಂಡ್ ಅವರಿಗೆ ಆ ಹಕ್ಕಿದೆ, ಕೆಲಸ ನಾಜೂಕಾಗಿಯೂ ಇದೆ. ಆದರೆ ಇಪ್ಪತ್ತು ವರ್ಷ ಓದುಗರು ಓದಿದ ಹುಚ್ಚು ಜಾತ್ರೆಯ ಕಾವು ಹಿಗಿನ್ಸ್ ಬಣ್ಣದಲ್ಲಿತ್ತು. ಎರಡನ್ನೂ ಓದಿದವರಿಗೆ ಅವು ಎರಡು ಬೇರೆ ಪುಸ್ತಕಗಳು. ಅದೇ ಹಿಗಿನ್ಸ್ 2005ರ ‘ಆಬ್ಸಲ್ಯೂಟ್ ವಾಚ್‌ಮೆನ್’ಗೆ ತಮ್ಮ ಹಳೆಯ ಬಣ್ಣವನ್ನು ತಾವೇ ಪರಿಷ್ಕರಿಸಿದರು. ಬಣ್ಣ ಹಾಕಿದವರೇ ಬಣ್ಣ ತಿದ್ದಿದ್ದು. ಅಲ್ಲಿ ತಕರಾರು ಕಡಿಮೆ.

ಚಿತ್ರಕಾರ ನೀಲ್ ಆಡಮ್ಸ್ ತಮ್ಮ ಬ್ಯಾಟ್‌ಮ್ಯಾನ್ ಕಥೆಗಳ ಸಂಪುಟಗಳಿಗೆ ಬಣ್ಣದ ಜೊತೆ ಗೆರೆಯನ್ನೂ ಅಲ್ಲಲ್ಲಿ ಹೊಸದಾಗಿ ಎಳೆದರು. ಅದನ್ನು ಮರುಮುದ್ರಣ ಎಂದು ಕರೆಯುವುದೇ ಕಷ್ಟ.

ಮರುಬಣ್ಣ ನಿಜಕ್ಕೂ ಒಪ್ಪಿದ ಪುಸ್ತಕ ಯಾವುದಾದರೂ ಇದೆಯೇ?

ಇದೆ. 2006ರ ‘ಆಬ್ಸಲ್ಯೂಟ್ ಸ್ಯಾಂಡ್‌ಮ್ಯಾನ್’ ಮೊದಲ ಸಂಪುಟದಲ್ಲಿ ಮೊದಲ 18 ಸಂಚಿಕೆಗಳಿಗೆ ಡೇನಿಯಲ್ ವೊಜ್ಜೊ ಹೊಸ ಬಣ್ಣ ಹಾಕಿದರು. ಸರಣಿಯ ಮುಂದಿನ ಸಂಚಿಕೆಗಳ ಬಣ್ಣವೂ ಅವರದೇ ಆಗಿದ್ದರಿಂದ ಆರಂಭ, ಮುಂದುವರಿಕೆ ಒಂದಕ್ಕೊಂದು ಕೂಡಿಕೊಂಡವು. ಡೇವ್ ಸ್ಟೀವನ್ಸ್ ಅವರ ‘ರಾಕೆಟಿಯರ್’ 2009ರಲ್ಲಿ ಲಾರಾ ಮಾರ್ಟಿನ್ ಬಣ್ಣದಲ್ಲಿ ಬಂತು. ಅವರನ್ನು ಆರಿಸಿದ್ದು ಸ್ವತಃ ಸ್ಟೀವನ್ಸ್. ಎರಡೂ 1980ರ ದಶಕ ಮತ್ತು ಆಚೆಯ ಕೃತಿಗಳು ಎಂಬುದನ್ನು ಗಮನಿಸಿ. ಒಂಬತ್ತು ಹಾಳೆಯ ಕಾಲದ ಸಪಾಟು ಬಣ್ಣಕ್ಕೆಂದೇ ಬರೆದ ಚಿತ್ರಗಳಲ್ಲಿ ಇಂಥ ಯಶಸ್ಸು ಅಪರೂಪ.

ಅಚ್ಚಿಗೆ ಬಳಸಿದ ಫಿಲ್ಮ್ ಇಲ್ಲ, ಮೂಲಚಿತ್ರ ಇಲ್ಲ, ಒಂದು ಹಳೆಯ ಪ್ರತಿ ಮಾತ್ರ ಇದೆ. ಗೆರೆಯನ್ನು ಬಣ್ಣದಿಂದ ಬಿಡಿಸುವುದು ಹೇಗೆ?

ಹಿಂದೆ ಗ್ರೆಗ್ ಥೀಕ್‌ಸ್ಟನ್ ಎಂಬವರು ಪುಟವನ್ನು ರಾಸಾಯನಿಕದಲ್ಲಿ ಅದ್ದಿ ಬಣ್ಣ ಕರಗಿಸಿ ಕಪ್ಪನ್ನು ಮಾತ್ರ ಉಳಿಸುತ್ತಿದ್ದರು. ಆ ವಿಧಾನಕ್ಕೆ ಅವರ ಹೆಸರೇ ಬಂತು. ಗೆರೆ ಚೆನ್ನಾಗಿ ಸಿಗುತ್ತಿತ್ತು, ಪುಸ್ತಕ ಹೋಗುತ್ತಿತ್ತು. ಈಗ ಹಾಗೆ ಮಾಡುವ ಅಗತ್ಯವಿಲ್ಲ.

ಪುಟದ ಹಿಂದೆ ಕಪ್ಪು ರಟ್ಟು ಇಟ್ಟು ಸ್ಕ್ಯಾನ್ ಮಾಡಿ. ಬಿಳಿ ಹಿನ್ನೆಲೆ ಇದ್ದರೆ ಹಿಂಬದಿಯ ಚಿತ್ರ ಇಣುಕುತ್ತದೆ. 600 ಪಿಪಿಐ (ಇಂಚಿಗೆ ಪಿಕ್ಸೆಲ್), 48 ಬಿಟ್, ಶಾರ್ಪನಿಂಗ್ ಮತ್ತು ಡಿಸ್ಕ್ರೀನ್ (ಅಚ್ಚಿನ ಚುಕ್ಕಿ ಅಳಿಸುವ ಸೌಲಭ್ಯ) ಎರಡೂ ಆಫ್, ಟಿಫ್ ಫೈಲ್. 7 × 10.25 ಇಂಚಿನ ಒಂದು ಪುಟ ಸುಮಾರು 155 ಎಂಬಿ ಆಗುತ್ತದೆ, ಜಾಗ ಮೊದಲೇ ನೋಡಿಕೊಳ್ಳಿ.

ಇನ್ನು ಕೈಚಳಕ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಮೂರು ಬೂದು ಲೇಯರ್‌ಗಳಾಗಿ ಒಂದರ ಮೇಲೊಂದು ಇಡಿ, ಮೇಲಿನ ಎರಡಕ್ಕೆ ಬ್ಲೆಂಡ್ ಮೋಡ್ ‘ಲೈಟನ್’ ಕೊಡಿ. ಪ್ರತಿ ಬಿಂದುವಿನಲ್ಲೂ ಮೂರರಲ್ಲಿ ಯಾವುದು ಹೆಚ್ಚು ಬೆಳ್ಳಗಿದೆಯೋ ಅದು ಉಳಿಯುತ್ತದೆ. ಹಳದಿ ನೀಲಿ ಚಾನೆಲ್‌ನಲ್ಲಿ ಮಾತ್ರ ಕಪ್ಪು, ಮಜೆಂಟಾ ಹಸಿರಿನಲ್ಲಿ, ಸಯಾನ್ ಕೆಂಪಿನಲ್ಲಿ. ಹಾಗಾಗಿ ಮೂರೂ ಕರಗಿ, ಎಲ್ಲ ಚಾನೆಲ್‌ನಲ್ಲೂ ಕಪ್ಪಾಗಿರುವ ಗೆರೆ ನಿಲ್ಲುತ್ತದೆ. ಮೂರು ಶಾಯಿಯೂ ಬಿದ್ದ ಕಂದು ಕೋಟು, ಗಾಢ ನೇರಳೆ ರಾತ್ರಿ ಮಾತ್ರ ಕರಗುವುದಿಲ್ಲ. ಅಲ್ಲಿ ಕೈಯಿಂದ ಗೆರೆ ಎಳೆಯಬೇಕು, ಬೇರೆ ದಾರಿಯಿಲ್ಲ. ಅದೇ ಸಂಚಿಕೆಯ ಎರಡನೇ ಪ್ರತಿ ಸಿಕ್ಕರೆ ಅರ್ಧ ಕೆಲಸ ಉಳಿಯುತ್ತದೆ: ಬಣ್ಣ ಜರುಗಿದ್ದು ಎರಡರಲ್ಲೂ ಒಂದೇ ಕಡೆಗೆ ಇರುವುದಿಲ್ಲ.

ಆಮೇಲೆ ಚಿತ್ರವನ್ನು 1200 ಪಿಪಿಐಗೆ ಹಿಗ್ಗಿಸಿ, ಆ ನಂತರವೇ ಥ್ರೆಶೋಲ್ಡ್ (ಬೂದನ್ನೆಲ್ಲ ಬರಿಯ ಕಪ್ಪು ಇಲ್ಲವೇ ಬಿಳಿ ಮಾಡುವ ಆಜ್ಞೆ) ಹಾಕಿ. 600ರಲ್ಲೇ ಹಾಕಿದರೆ ಓರೆಗೆರೆಗಳು ಮೆಟ್ಟಿಲಾಗುತ್ತವೆ. ಇಡೀ ಪುಟಕ್ಕೆ ಒಂದೇ ಮೌಲ್ಯ ಸಾಲುವುದಿಲ್ಲ. ಸಣ್ಣ ಎಳೆಗಳು ಉಳಿಯುವ ಮಟ್ಟದಲ್ಲಿ ಅಕ್ಷರಗಳ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಮಾತಿನ ಗುಳ್ಳೆಗಳಿಗೆ ಬೇರೆ, ಚಿತ್ರಕ್ಕೆ ಬೇರೆ ಇಡಿ.

ಗೆರೆ ಸಿಕ್ಕಿತು. ಬಣ್ಣ ತುಂಬುವಾಗ ಏನು ಎಡವಟ್ಟಾಗುತ್ತದೆ?

ಬಣ್ಣದ ಲೇಯರ್ ಗೆರೆಯ ಕೆಳಗೆ, ಸಿಎಂವೈಕೆಯಲ್ಲಿ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣಪದ್ಧತಿ), ಆಂಟಿ-ಅಲಿಯಾಸ್ (ಅಂಚನ್ನು ಮಸುಕಾಗಿಸಿ ನಯ ಮಾಡುವುದು) ಇಲ್ಲದೆ. ಪ್ರತಿ ಬಣ್ಣ ಗೆರೆಯ ಅಡಿಗೆ 600 ಪಿಪಿಐನಲ್ಲಿ 2–3 ಪಿಕ್ಸೆಲ್ ನುಗ್ಗಿರಲಿ, ಅಂದರೆ 0.08ರಿಂದ 0.13 ಮಿಲಿಮೀಟರ್. ಇಲ್ಲದಿದ್ದರೆ ಯಂತ್ರದಲ್ಲಿ ಕಾಗದ ಕೂದಲೆಳೆಯಷ್ಟು ಜರುಗಿದರೂ ಗೆರೆಯ ಪಕ್ಕ ಬಿಳಿ ಎಳೆ ಕಾಣುತ್ತದೆ.

ಅತಿ ಹೆಚ್ಚು ಪುಸ್ತಕಗಳನ್ನು ಕೆಡಿಸಿರುವುದು ಕಪ್ಪಿನ ತಪ್ಪು. ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಪದ್ಧತಿಯಲ್ಲಿ, ಕೆಲಸ ಮಾಡಿ ಕೊನೆಗೆ ಪರಿವರ್ತಿಸಿದರೆ ಫೋಟೋಶಾಪ್ ತನ್ನ ಹಳೆಯ ರೂಢಿಯ ಸೆಟ್ಟಿಂಗ್‌ನಲ್ಲಿ ಕಪ್ಪು ಗೆರೆಯನ್ನು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಮಾಡಿಬಿಡುತ್ತದೆ. ಒಂದು ಗೆರೆ ನಾಲ್ಕು ಫಲಕಗಳಿಗೆ ಹಂಚಿಹೋಯಿತು, ಒಟ್ಟು ಶೇ. 300 ಶಾಯಿ. ಫಲಕ ಸ್ವಲ್ಪ ಜರುಗಿದರೆ ಪ್ರತಿ ಅಕ್ಷರಕ್ಕೂ ಬಣ್ಣದ ನೆರಳು. ಗೆರೆಯನ್ನು 1200 ಪಿಪಿಐನ 1 ಬಿಟ್ ಟಿಫ್ ಆಗಿ ಬೇರೆ ಇಟ್ಟು, ಪುಟವಿನ್ಯಾಸದಲ್ಲಿ 300 ಪಿಪಿಐ ಬಣ್ಣದ ಮೇಲೆ 100 ಕಪ್ಪಾಗಿ ಓವರ್‌ಪ್ರಿಂಟ್ ಮಾಡಿ (ಕೆಳಗಿನ ಬಣ್ಣವನ್ನು ಕತ್ತರಿಸದೆ ಅದರ ಮೇಲೆಯೇ ಅಚ್ಚು ಹಾಕುವುದು). ಎರಡನ್ನೂ ಒಂದೇ 300 ಪಿಪಿಐ ಫೈಲಿಗೆ ಬೆಸೆದರೆ ಗೆರೆಯ ಅಂಚು ನಯ ಕಳೆದುಕೊಳ್ಳುತ್ತದೆ.

ಹಳೆಯ ಚುಕ್ಕಿಗಳನ್ನು ಉಳಿಸಬೇಕೇ?

ಯಥಾಪ್ರತಿಯಲ್ಲಿ ಉಳಿಸಿ. ದುರಸ್ತಿಯಲ್ಲಿ ಬೇಡ, ಚುಕ್ಕಿ ಬಣ್ಣಗಾರರ ಆಯ್ಕೆಯಲ್ಲ, ಮುದ್ರಣದ ಸಾಧನ. ಫಿಲ್ಟರ್ ಹಾಕಿ ಕೃತಕ ಚುಕ್ಕಿ ಸೇರಿಸುವುದು ಬರಿಯ ವೇಷ. ಹಳೆಯ ಚುಕ್ಕಿಯ ಸ್ಕ್ಯಾನ್ ಅನ್ನು ಇಂದಿನ 175 ಸಾಲಿನ ಸ್ಕ್ರೀನ್ ಮೂಲಕ ಅಚ್ಚು ಹಾಕುವಾಗ ಎರಡು ಜಾಲರಿಗಳು ಒಂದರ ಮೇಲೊಂದು ಬಿದ್ದು ಅಲೆಯಲೆಯಾದ ಮೊಯಿರೆ ಬರಬಹುದು. ಯಥಾಪ್ರತಿಗೆ ಕೋನವಿಲ್ಲದ ಸ್ಟೊಕ್ಯಾಸ್ಟಿಕ್ ಸ್ಕ್ರೀನ್ (ಚುಕ್ಕಿಗಳನ್ನು ಸಾಲಾಗಿಡದೆ ಚೆಲ್ಲುವ ಜಾಲರಿ) ಇರುವ ಮುದ್ರಕರನ್ನು ಹುಡುಕಿ, ಅಳತೆಯನ್ನು ಹಿಗ್ಗಿಸುವುದು ಕುಗ್ಗಿಸುವುದು ಮಾಡಬೇಡಿ.

ಕೃತಕ ಬುದ್ಧಿಮತ್ತೆಗೆ ಕೊಟ್ಟರೆ ಆಗದೇ?

ಗೆರೆಗಳ ನಡುವಿನ ಜಾಗಗಳನ್ನು ಬೇರ್ಪಡಿಸುವ ಬೇಸರದ ಕೆಲಸಕ್ಕೆ ಉಪಯೋಗವಿದೆ, ಗಂಟೆಗಟ್ಟಲೆ ಉಳಿಯುತ್ತದೆ. ಬಣ್ಣ ಆರಿಸಲು ಬಿಟ್ಟರೆ ಮೂರನೇ ಚೌಕಟ್ಟಿನಲ್ಲಿ ಕೈಗವಸಿನ ಬಣ್ಣ ಬದಲಾಗಿರುತ್ತದೆ. ಹಿಗ್ಗಿಸುವ ಸಾಧನಗಳು ತೆಳು ಎಳೆಗಳನ್ನು ತಾವೇ ಊಹಿಸಿ ಜೋಡಿಸುತ್ತವೆ. ಶಾಯಿಗಾರ ಬೇಕೆಂದೇ ತುಂಡಾಗಿ ಬಿಟ್ಟ ಗೆರೆ ಅಖಂಡವಾಗಿ ಬಂದರೆ ಯಾರ ಕಣ್ಣಿಗೂ ಬೀಳದೆ ಅಚ್ಚಾಗಿಬಿಡುತ್ತದೆ.

ಬಣ್ಣದ ಗೋಜೇ ಬೇಡ, ಕಪ್ಪುಬಿಳುಪಿನಲ್ಲಿ ತಂದರೆ?

ಒಳ್ಳೆಯ ಶಾಯಿಗಾರನ ಕೃತಿಗೆ ಇದು ಗೌರವದ ದಾರಿ. ಆದರೆ ಬಣ್ಣ ಬರುತ್ತದೆಂದು ನಂಬಿ ಹಿನ್ನೆಲೆ ಖಾಲಿ ಬಿಟ್ಟ ಪುಟಗಳು ಬಡಕಲಾಗಿ ಕಾಣುತ್ತವೆ.

ಹಕ್ಕು ಯಾರದು, ಹೆಸರು ಯಾರದು?

ಅಮೆರಿಕದಲ್ಲಿ 1964ಕ್ಕಿಂತ ಮೊದಲು ಪ್ರಕಟವಾದ ಕೃತಿಗಳಿಗೆ 28ನೇ ವರ್ಷದಲ್ಲಿ ಹಕ್ಕು ನವೀಕರಿಸಬೇಕಿತ್ತು. ನವೀಕರಿಸದ ಎಷ್ಟೋ ಕಾಮಿಕ್ಸ್ ಸಾರ್ವಜನಿಕ ಸ್ವತ್ತಾಗಿವೆ. ಪಾತ್ರದ ಟ್ರೇಡ್‌ಮಾರ್ಕ್ ಬೇರೆಯೇ ವಿಷಯ, ಅದನ್ನು ಪ್ರತ್ಯೇಕವಾಗಿ ವಿಚಾರಿಸಿ. ಸಾರ್ವಜನಿಕ ಸ್ವತ್ತಾದ ಕಥೆಗೆ ಇನ್ನೊಬ್ಬ ಪ್ರಕಾಶಕರು ಹಾಕಿಸಿದ ಹೊಸ ಬಣ್ಣ ಮಾತ್ರ ಅವರದೇ ಆಗಿರಬಹುದು, ಆದ್ದರಿಂದ ಮರುಮುದ್ರಣದಿಂದ ಸ್ಕ್ಯಾನ್ ಮಾಡಬೇಡಿ, ಮೂಲ ಸಂಚಿಕೆಯಿಂದಲೇ ಮಾಡಿ.

1970ರ ದಶಕಕ್ಕಿಂತ ಹಿಂದೆ ಬಣ್ಣಗಾರರ ಹೆಸರನ್ನು ಪುಸ್ತಕದಲ್ಲಿ ಹಾಕುತ್ತಿದ್ದುದೇ ಅಪರೂಪ. ಗೊತ್ತಿದ್ದರೆ ಈಗ ಹಾಕಿ. ‘ಬಣ್ಣ: ಇಂಥವರು, ಬಣ್ಣದ ದುರಸ್ತಿ: ಇಂಥವರು’ ಎಂದು ಎರಡು ಸಾಲಾಗಿ. ದುರಸ್ತಿ ಮಾಡಿದವರ ಹೆಸರನ್ನಷ್ಟೇ ‘ಬಣ್ಣ’ದ ಮುಂದೆ ಹಾಕುವ ಚಾಳಿ ಬಹಳ ಕಡೆ ಇದೆ, ಅದು ಕಳ್ಳತನಕ್ಕೆ ಒಂದೇ ಮೆಟ್ಟಿಲು ಕೆಳಗೆ.

ಕೊಳ್ಳುವ ಮೊದಲು ಯಾವ ಬಗೆಯ ಆವೃತ್ತಿ ಎಂದು ಗುರುತಿಸುವುದು ಹೇಗೆ?

ಹಕ್ಕುಸ್ವಾಮ್ಯದ ಪುಟದಲ್ಲಿ ಬಣ್ಣದ ಮುಂದೆ ಎಷ್ಟು ಹೆಸರಿವೆ, ಯಾವ ಪದ ಬಳಸಿದ್ದಾರೆ ನೋಡಿ. ಮಾದರಿ ಪುಟ ಸಿಕ್ಕರೆ ಮುಖವನ್ನು ಬಿಟ್ಟು ಗೋಡೆ ನೋಡಿ: ಖಾಲಿ ಗೋಡೆಯಲ್ಲಿ ಬಣ್ಣ ಒಂದು ಮೂಲೆಯಿಂದ ಇನ್ನೊಂದಕ್ಕೆ ತಿಳಿಯಾಗುತ್ತ ಹೋಗಿದ್ದರೆ ಅದು ಮರುಬಣ್ಣ. ಸಪಾಟಾಗಿದ್ದು ಅಂಚು ಚೂಪಾಗಿದ್ದರೆ ದುರಸ್ತಿ. ಗೋಡೆಯಲ್ಲಿ ಚುಕ್ಕಿ, ಬಿಳಿಯ ಜಾಗದಲ್ಲಿ ಕಂದು ಕಂಡರೆ ಯಥಾಪ್ರತಿ. ಇನ್ನು ಪುಟವನ್ನು ದೀಪದ ಕೆಳಗೆ ಓರೆ ಮಾಡಿ ಹಿಡಿಯಿರಿ. ಕನ್ನಡಿಯಂತೆ ಹೊಳೆದರೆ, ಒಳಗಿನ ಬಣ್ಣ ಎಷ್ಟೇ ನಿಷ್ಠವಾಗಿದ್ದರೂ, ಮಲಗಿಕೊಂಡು ಓದಲು ಆಗುವುದಿಲ್ಲ.